ಮೋತಿಯನ್ನು ಬಿಳಿ ಇಟ್ಟ ಮಳೆಗಾಲ

ಹೋದ ವಾರ ಅಫಜಲಪುರದಲ್ಲಿ ನಮ್ಮ ನಾಟಕದ ಕಂಪನಿಯ ತಟ್ಟಿಯ ಥೇಟರಿನೊಳಗೆ ಒಂದು ತೊಯ್ದ ನಾಯಿ ನುಗ್ಗಿತು. ಹೊರಗೆ ಮಳೆ. ಒಳಗೆ ನಮ್ಮ ರಾಜ ಕನ್ನಡಿಯ ಮುಂದೆ ಕುಳಿತು ಮೀಸೆ ಅಂಟಿಸಿಕೊಳ್ಳುತ್ತಿದ್ದ. ನಾಯಿ ನಟ್ಟನಡುವೆ ನಿಂತು ಮೂಗಿನಿಂದ ಬಾಲದ ತುದಿಯವರೆಗೆ ಒಮ್ಮೆ ಮೈ ಝಾಡಿಸಿತು. ರಾಜನ ಮುಖ, ರಾಣಿಯ ಸೀರೆ, ಪೇಟಿ ಬಾರಿಸುವ ಮಾಸ್ತರರ ಬಿಳಿ ಟೊಪ್ಪಿಗೆ, ಎಲ್ಲದರ ಮೇಲೂ ಎರೆಮಣ್ಣಿನ ಚುಕ್ಕೆ. "ಹಚಾ! ಹಚಾ!" ಎನ್ನುತ್ತ ಇಡೀ ಸಾಮ್ರಾಜ್ಯ ಎದ್ದು ನಿಂತಿತು. ನಾನು ಏಳಲಿಲ್ಲ. ತೊಯ್ದ ಕೂದಲು, ಎರೆಮಣ್ಣು ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಡಿದಿತ್ತು. ಕೈ ತಾನಾಗಿಯೇ ಪಕ್ಕದಲ್ಲಿ ಗೋಣಿತಟ್ಟು ಹುಡುಕಿತು. ಸಿಕ್ಕದ್ದು ಮಂತ್ರಿಯ ಶಾಲು. ಅದರಿಂದಲೇ ಮೊದಲು ಹೊಟ್ಟೆ, ಆಮೇಲೆ ಕಾಲು, ಕೊನೆಗೆ ಮುಖ ಒರೆಸಿದೆ. ಮಂತ್ರಿ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಈ ವಿದ್ಯೆ ಕಲಿತದ್ದು ಒಂದೇ ಒಂದು ಮಳೆಗಾಲದಲ್ಲಿ. ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆ ಸಿಗದೆ ಊರು ಕತ್ತಲಾಗುವ ಮುಂಚೆಯೇ ಉಂಡು ಮಲಗುತ್ತಿತ್ತು. ನಮ್ಮೂರು ಕರಜಗಿಯ ದಾರಿಯಲ್ಲಿ, ಹೊಳೆಯಿಂದ ಕೂಗಳತೆಯಲ್ಲಿದೆ. ಮನೆಯಲ್ಲಿ ಅವ್ವ, ಅಣ್ಣ ಶಿವಣ್ಣ, ನಾನು, ಮತ್ತೆ ಅಣ್ಣನ ನಾಯಿ ಮೋತಿ. ಅಪ್ಪ ನನಗೆ ನಡೆಯಲು ಬರುವ ಮುಂಚೆಯೇ ತೀರಿಕೊಂಡಿದ್ದ. ಅವನ ದನಿ ನಾನು ಕೇಳಿಲ್ಲ, ಹಾಗಾಗಿ ಅಪ್ಪನನ್ನು ಅಣಕಿಸಲಾಗಿಲ್ಲ. ಉಳಿದ ಊರನ್ನು ಮಾತ್ರ ನಾನು ಬಿಟ್ಟವನಲ್ಲ.

ಪಾಟೀಲರು ಮಾತಿಗೆ ಮುಂಚೆ ಕೆಮ್ಮುವ ಕೆಮ್ಮು, ಮಾತು ಮುಗಿದ ಮೇಲೆ ಕೆಮ್ಮುವ ಕೆಮ್ಮು, ಎರಡೂ ಬೇರೆ ಬೇರೆಯಾಗಿ ನನ್ನ ಹತ್ತಿರ ಇದ್ದವು. ಉರ್ದು ಕಲಿಸುವ ಮೌಲ್ವಿಗಳು ಛಡಿ ಎತ್ತುವಾಗ ಎಳೆದುಕೊಳ್ಳುವ ಉಸಿರು ಇತ್ತು. ಮಠದ ಅಯ್ಯನವರು ಹೋಳಿಗೆ ಬೇಡ ಬೇಡ ಎನ್ನುತ್ತ ತಾಟು ಮುಂದೆ ಸರಿಸುವ ಪರಿ ಇತ್ತು. ಊರಬಾಗಿಲ ಹತ್ತಿರ, ಅಗಸಿಯ ಕಟ್ಟೆಯ ಮೇಲೆ ನನ್ನ ಆಟ ನಡೆದರೆ ಅಣಕಕ್ಕೆ ಸಿಕ್ಕವರೇ ಮೊದಲು ನಗುತ್ತಿದ್ದರು, ಯಾಕೆಂದರೆ ಮುಂದಿನ ಸರದಿ ಪಕ್ಕದವರದು ಎಂದು ಅವರಿಗೆ ಗೊತ್ತಿತ್ತು. ಅವ್ವನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. "ಮಂದಿ ದನಿ ಕದ್ದು ಕದ್ದು ಒಂದಿನ ನಿನ್ನ ದನಿ ಎಲ್ಲಿಟ್ಟಿ ಅಂಬೂದು ನಿನಗೇ ಮರೀತದ ನೋಡಲೇ ಬಸ್ಯಾ," ಎನ್ನುತ್ತಿದ್ದಳು. ನಾನು ಅದನ್ನೇ ಅವ್ವನ ದನಿಯಲ್ಲಿ ತಿರುಗಿ ಹೇಳುತ್ತಿದ್ದೆ. ಅಣ್ಣ ಹೊಟ್ಟೆ ಹಿಡಿದು ನಗುತ್ತಿದ್ದ.

ಅಣ್ಣನಿಗೂ ನನಗೂ ಹೋಲಿಕೆ ಇದ್ದದ್ದು ಮೂಗಿನಲ್ಲಿ ಮಾತ್ರ. ಅವನು ಕುಂಟೆ ಹೊಡೆದರೆ ಸಾಲು ದಾರ ಎಳೆದ ಹಾಗೆ. ನಾನು ಹೊಡೆದರೆ ಹಾವು ಹರಿದ ಹಾಗೆ. ಒಂದು ಬೇಸಿಗೆ ಹೊಲದಲ್ಲಿ ಹಟ್ಟಿ ಹಾಕಿದ್ದ ಕುರುಬರಿಂದ ಒಂದು ಬಿಳಿ ಮರಿ ತಂದು ಸಾಕಿದ. ಹತ್ತಿಯ ಅರಳೆಯಷ್ಟು ಬಿಳಿ. ಮೋತಿ ಎಂದು ಹೆಸರಿಟ್ಟ. ಬೆಳೆದ ಮೇಲೆ ಅದು ಉದ್ದ ಕಾಲಿನ, ಉದ್ದ ಮುಖದ, ಯಾರ ಮಾತೂ ಕೇಳದ ನಾಯಿಯಾಯಿತು. ಅಣ್ಣನ ಮಾತು ಮಾತ್ರ ಕೇಳುತ್ತಿತ್ತು. ಅವನು ನಾಲಿಗೆಯಿಂದ ಎರಡು ಸಲ ಚ್ಚ ಚ್ಚ ಮಾಡಿ, "ನಿಲ್ಲಪಾ, ನನ್ನ ದೊರಿ," ಎನ್ನುತ್ತಿದ್ದ. ದೊರಿ ಎನ್ನುವಾಗ ದನಿ ಸ್ವಲ್ಪ ಒಡೆದು, ನಗೆಯೋ ಕೆಮ್ಮೋ ತಿಳಿಯದ ಹಾಗೆ ಮುಗಿಯುತ್ತಿತ್ತು. ಅಷ್ಟಾದರೆ ಸಾಕು, ಓಡುತ್ತಿದ್ದ ನಾಯಿ ಕಲ್ಲಿನ ಬಸವಣ್ಣನಂತೆ ನಿಲ್ಲುತ್ತಿತ್ತು.

ಆ ವರ್ಷ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಮೊದಲೇ ಅಣ್ಣ ಹೋದ. ವಿಷಮಜ್ವರ ಎಂದರು. ಹೊಲದಲ್ಲಿ ಬನ್ನಿಗಿಡದ ಹತ್ತಿರ ಮಣ್ಣು ಮಾಡಿದೆವು. ಮಣ್ಣು ಕೊಡಲು ಬಂದವರೆಲ್ಲ ನಡುನಡುವೆ ನನ್ನ ಮುಖ ನೋಡುತ್ತಿದ್ದರು. ಇಲ್ಲಿಯೂ ಇವನು ಯಾರನ್ನಾದರೂ ಅಣಕಿಸಿಬಿಟ್ಟಾನೋ ಎಂಬ ಹೆದರಿಕೆ ಅವರಿಗೆ. ನಾನು ಅಣಕಿಸಲಿಲ್ಲ. ಅಳಲೂ ಇಲ್ಲ. ಅಳುವುದಕ್ಕೆ ನನ್ನದೇ ದನಿ ಬೇಕಾಗಿತ್ತು, ಅವ್ವ ಹೇಳಿದ ಹಾಗೆ ಅದನ್ನು ಎಲ್ಲಿಟ್ಟಿದ್ದೆನೋ ಸಿಗಲಿಲ್ಲ.

ಮೂರನೆಯ ದಿನ ಮುಂಗಾರಿನ ಮಿರಗದ ಮಳೆ ಹಿಡಿಯಿತು.

ನಮ್ಮ ಕಡೆಯ ಎರೆಮಣ್ಣು ಕಾಣದವರಿಗೆ ಮುಂದಿನ ಮಾತು ತಿಳಿಯುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಬೇಸಿಗೆಯಲ್ಲಿ ಇದು ಕಾಲು ಹೋಗುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ಬೀಗರ ಹಾಗೆ, ಒಮ್ಮೆ ಬಂದು ಹತ್ತಿಕೊಂಡರೆ ಬಿಡುವ ಮಾತಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಕಾಲಿಗೆ ಮಣ್ಣಿನ ಕೆರ ಬೆಳೆದು ಆಳು ಗೇಣುದ್ದ ಎತ್ತರವಾಗುತ್ತಾನೆ. ನಮ್ಮಲ್ಲಿ ಜೋಳ ಬಿತ್ತುವುದು ಹಿಂಗಾರಿಗೆ. ಮಳೆಗಾಲ ಪೂರ್ತಿ ಹೊಲ ಬರಿದೇ ಬಿದ್ದಿರುತ್ತದೆ, ಹುಲ್ಲಿಲ್ಲ, ಬೆಳೆಯಿಲ್ಲ, ಕಣ್ಣು ಹಾಯುವವರೆಗೆ ಕರಿಯ ರಾಡಿ. ಅಂಥ ರಾಡಿಯಲ್ಲಿ ಮೋತಿ ದಿನಾ ಸಂಜೆ ಬನ್ನಿಗಿಡಕ್ಕೆ ಹೋಗಿ ಅಣ್ಣನ ಗೋರಿಯ ಮೇಲೆ ಮಲಗುತ್ತಿತ್ತು. ಹೋಗುವಾಗ ಮೋತಿ, ಬರುವಾಗ ಇದ್ದಿಲು.

ಇದರಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ, ಆರಿದ್ರಾ ಮಳೆಯವರೆಗೆ. ಆಗ ಹೊಳೆಯ ಕಡೆಯಿಂದ ಒಂದು ಕರೇ ನಾಯಿ ಬಂತು. ಹುಚ್ಚು ಹಿಡಿದದ್ದು. ಕುರಿ ಕಾಯುವ ಒಬ್ಬನಿಗೆ ಕಚ್ಚಿತು. ಅಗಸಿಯೊಳಗೇ ನುಗ್ಗಿ ಊರ ಹಳೆಯ ಶಿಕಾರಿ ಖಾಜಾಸಾಬರ ಮೊಮ್ಮಗನ ಮೀನಖಂಡಕ್ಕೆ ಬಾಯಿ ಹಾಕಿತು. ಆಮೇಲೆ ಎಲ್ಲಿಗೆ ಹೋಯಿತೋ ಯಾರೂ ಕಾಣಲಿಲ್ಲ. ಮೊಮ್ಮಗನನ್ನು ಅವನ ಅಪ್ಪ ಹೆಗಲ ಮೇಲೆ ಹೊತ್ತು, ಚಕ್ಕಡಿ ಹೂತುಕೊಂಡಲ್ಲಿ ಇಳಿದು ನಡೆದು, ಸೊಲ್ಲಾಪುರಕ್ಕೆ ಸೂಜಿ ಹಾಕಿಸಲು ಒಯ್ದ. ಕುರಿ ಕಾಯುವವನು ದೇವರ ಅಂಗಾರ ಹಚ್ಚಿಕೊಂಡು ಊರಲ್ಲೇ ಉಳಿದ. ಪುಷ್ಯ ಮಳೆಯ ಹೊತ್ತಿಗೆ ಅವನಿಗೆ ನೀರು ಕಂಡರೆ ಗಂಟಲು ಬಿಗಿಯತೊಡಗಿತು. ಅವನು ಸತ್ತ ರೀತಿಯನ್ನು ನಾನು ಬರೆಯುವುದಿಲ್ಲ. ಅವನ ಮನೆಯ ಬಾಗಿಲಿಗೆ ಹೊರಗಿನಿಂದ ಹಗ್ಗ ಕಟ್ಟಿದ್ದರು ಎಂದಷ್ಟು ಹೇಳುತ್ತೇನೆ.

ಊರು ಅವತ್ತಿನಿಂದ ನಗುವುದು ಬಿಟ್ಟಿತು. ಪಾಟೀಲರ ಹುಕುಂ ಆಯಿತು. ವಾಲೀಕಾರ ಹಲಗೆ ಬಡಿದು ಡಂಗುರ ಸಾರಿದ: "ಕೇಳ್ರೆಪೋ ಕೇಳ್ರಿ! ನಾಯಿ ಕಟ್ಟಿ ಹಾಕ್ರಿ! ಕರೇ ನಾಯಿ ಎಲ್ಲಿ ಕಂಡ್ರೂ ಹೊಡೀಲಾಕ ಹುಕುಂ ಆಗ್ಯಾದ್ರೆಪೋ!" ಇಂಥ ಡಂಗುರ ಕೇಳಿದರೆ ಮರುಗಳಿಗೆ ನಾನು ಅದನ್ನು ಕಟ್ಟೆಯ ಮೇಲೆ ಆಡಬೇಕು. ಅವತ್ತು ಬಾಯಿ ತೆರೆದೆ, ಯಾರೂ ಕತ್ತು ಎತ್ತಲಿಲ್ಲ, ಮುಚ್ಚಿದೆ.

ಊರಲ್ಲಿ ಬಂದೂಕು ಇದ್ದದ್ದು ಖಾಜಾಸಾಬರ ಹತ್ತಿರ. ಎಳೆ ವಯಸ್ಸಿನಲ್ಲಿ ಯಾವುದೋ ನವಾಬನ ಶಿಕಾರಿಗೆ ಹೋಗುತ್ತಿದ್ದರಂತೆ. ಅವರು ಹೇಳುವ ಹುಲಿಗಳ ಕತೆಯನ್ನೆಲ್ಲ ಕೂಡಿಸಿದರೆ ನಿಜಾಮರ ರಾಜ್ಯದಲ್ಲಿ ಮನುಷ್ಯರಿಗೆ ಜಾಗ ಸಾಲುತ್ತಿರಲಿಲ್ಲ. ಅವರ ನಡಿಗೆ, ಗಡ್ಡ ನೀವಿಕೊಳ್ಳುವುದು, "ಅರೆ ಬಾಬಾ" ಎಂದು ಮಾತು ಎತ್ತುವುದು, ಎಲ್ಲ ನನ್ನ ಆಟದಲ್ಲಿತ್ತು. ಅವರು ಕಂಡರೆ ಕರೆದು, "ಜರಾ ನನ್ನ ಮಾಡಿ ತೋರ್ಸಲೇ, ನಾ ಹ್ಯಾಂಗ ಅದೇನಿ ನೋಡತೇನಿ," ಎನ್ನುತ್ತಿದ್ದರು. ಅಂಥವರು ಈಗ ಅಗಸಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು, ತೊಡೆಯ ಮೇಲೆ ಬಂದೂಕು ಇಟ್ಟು, ಬೆಳಗಿನಿಂದ ಕತ್ತಲಾಗುವವರೆಗೆ ಹೊಲದ ದಾರಿ ನೋಡುತ್ತ ಕೂಡುತ್ತಿದ್ದರು. ಸೊಲ್ಲಾಪುರದಿಂದ ಸುದ್ದಿ ಇರಲಿಲ್ಲ. ನಮಾಜಿನ ಹೊತ್ತಿಗಷ್ಟೇ ಎದ್ದು ಹೋಗಿ ಬಂದು ಮತ್ತೆ ಅಲ್ಲೇ.

ಊರ ಕರೇ ನಾಯಿಗಳು ಒಂದೊಂದೇ ಹೋದವು. ಗಾಣಿಗರ ಮನೆಯದು, ಕುರುಬರದು. ಯಾರೂ ತಕರಾರು ಮಾಡಲಿಲ್ಲ.

ನಾನು ಖಾಜಾಸಾಬರ ಮುಂದೆ ಹೋಗಿ ನಿಂತೆ. "ಕಾಕಾ, ನಮ್ಮ ಮೋತಿ ನಿಮಗ ಗೊತ್ತದಲ್ರಿ?"

"ಗೊತ್ತದ. ಶಿವಣ್ಣನ ನಾಯಿ."

"ಹೊಲಕ್ಕ ಹೋಗಿ ಬರೂಮುಂದ ರಾಡಿ ಹತ್ತಿ ಕರ್ರಗ ಆಗ್ತದ್ರಿ."

ಅವರು ನನ್ನ ಕಡೆ ತಿರುಗಿದರು. ಒಂದು ಕಣ್ಣಿನಲ್ಲಿ ಪೊರೆ ಬಂದು ಹಾಲು ಒಡೆದಂತಿತ್ತು. "ಬಸ್ಯಾ, ನನ್ನ ಕಣ್ಣಿಗಿ ಈಗ ಎರಡ ಕಾಣ್ತಾವ. ಬಿಳೇದು ಅಂದ್ರ ಬಿಳೇದು, ಕರೇದು ಅಂದ್ರ ಕರೇದು. ಮುಖ ನೋಡಿ ಗುರ್ತು ಹಿಡಿಯೂ ಕಣ್ಣು ನನಗ ಉಳದಿಲ್ಲ, ತಡೀ ಅನ್ನೂ ಹೊತ್ತೂ ಇಲ್ಲ. ಬಿಳೇ ನಾಯಿ ಬಿಡ್ತೇನಿ. ಕರೇ ನಾಯಿ ಹೊಡೀತೇನಿ. ನಿಮ್ಮ ಮೋತೀನ ಬಿಳೇ ಇಡು."

"ಕಟ್ಟಿ ಹಾಕ್ತೇನ್ರಿ ಹಂಗಾದ್ರ."

"ಅದೂ ಚಲೋ."

ಕಟ್ಟಿ ಹಾಕಿದೆ. ಮೊದಲ ದಿನ ಮೋತಿ ರೊಟ್ಟಿ ಮೂಸಲಿಲ್ಲ. ಎರಡನೆಯ ದಿನ ಹಗ್ಗ ಕಡಿಯತೊಡಗಿತು. ಮೂರನೆಯ ದಿನ ಕುತ್ತಿಗೆ ಮೇಲೆತ್ತಿ ಊಳಿಟ್ಟಿತು. ಊಳು ಕೇಳಿ ಪಕ್ಕದ ಮನೆಯ ತಿಪ್ಪವ್ವ ಗೋಡೆಯ ಮೇಲಿಂದ ಇಣುಕಿದಳು. "ಯಾಕಲೇ ಬಸ್ಯಾ, ರೊಟ್ಟಿ ಬಿಟ್ಟದಂತ, ನೀರು ಬಿಟ್ಟದಂತ, ಹಗ್ಗ ಕಡೀತದಂತ. ಎಲ್ಲಾ ಅದರ ಲಕ್ಷಣನ ಅದಾವಲ್ಲೋ?" ಅವಳು ಕೆಟ್ಟವಳಲ್ಲ. ಆದರೆ ಅವಳ ಬಾಯಿಗೂ ವಾಲೀಕಾರನ ಹಲಗೆಗೂ ವ್ಯತ್ಯಾಸವಿದ್ದದ್ದು, ಹಲಗೆಗೆ ಪಾಟೀಲರ ಅಪ್ಪಣೆ ಬೇಕು.

ನನ್ನ ಪಾಡು ತಿಳಿಯಿತಲ್ಲ? ಕಟ್ಟಿದರೆ ಹುಚ್ಚು ನಾಯಿ ಎಂದು ಹೊಡೆಯುತ್ತಾರೆ. ಬಿಟ್ಟರೆ ಕರೇ ನಾಯಿ ಎಂದು ಹೊಡೆಯುತ್ತಾರೆ. ಉಳಿದದ್ದು ಒಂದೇ ದಾರಿ. ದಿನಾ ನಾನೇ ಹೊಲಕ್ಕೆ ಕರೆದೊಯ್ಯಬೇಕು, ಗೋರಿಯ ಮೇಲೆ ಅದರ ಮನಸ್ಸು ತೀರುವಷ್ಟು ಹೊರಳಾಡಲು ಬಿಡಬೇಕು, ಅಗಸಿ ದಾಟುವ ಮುಂಚೆ ಬಿಳಿ ಮಾಡಿ ಒಳಗೆ ತರಬೇಕು. ಮನೆಗೆ ಉಳಿದ ಗಂಡಾಳು ನಾನೊಬ್ಬ. ಅಣ್ಣ ಬಿಟ್ಟು ಹೋದ ಜೀವಗಳಲ್ಲಿ ಎತ್ತು ನನ್ನ ಮಾತು ಕೇಳುತ್ತಿರಲಿಲ್ಲ, ಹೊಲ ಕೇಳುತ್ತಿರಲಿಲ್ಲ. ಇದೊಂದನ್ನಾದರೂ ಉಳಿಸಿಕೊಳ್ಳದಿದ್ದರೆ ಅವ್ವನ ಮುಖ ಹೇಗೆ ನೋಡಲಿ? ಅವ್ವ ಅದಕ್ಕೆ ದಿನಾ ಮೊದಲ ರೊಟ್ಟಿ ಹಾಕುತ್ತಿದ್ದಳು, ಅಣ್ಣ ಹಾಕುತ್ತಿದ್ದಂತೆ, ಮುರಿಯದೆ.

ಮೊದಲ ಸಲ ತೊಳೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಅವತ್ತು ಬಂದಿರಲಿಲ್ಲ. ಅಗಸಿಯ ಹೊರಗೆ, ಊರ ಬಾವಿಯ ಹಿಂದೆ, ಕಟ್ಟೆಯ ಮೇಲಿನವರಿಗೆ ಕಾಣದ ಒಂದು ಮುರುಕು ಗೋಡೆ. ಅಲ್ಲಿ ನಾಯಿಯ ಮೇಲೆ ಗಡಿಗೆ ನೀರು ಸುರಿದೆ. ಎರೆಮಣ್ಣಿಗೆ ನೀರು ಹಾಕಿದರೆ ಏನಾಗುತ್ತದೆ? ಅಂಟಾಗುತ್ತದೆ. ಇದು ನಮ್ಮೂರ ಕೂಸಿಗೂ ಗೊತ್ತು, ನನಗೂ ಗೊತ್ತಿತ್ತು, ಆದರೆ ಗಾಬರಿಗೆ ಬುದ್ಧಿ ಎಲ್ಲಿ? ಬೆನ್ನ ಮೇಲಿನ ರಾಡಿ ಹೊಟ್ಟೆಗೆ ಇಳಿಯಿತು, ಹೊಟ್ಟೆಯದು ನನ್ನ ಅಂಗಿಗೆ ಬಂತು. ಮೋತಿ ಮೈ ಝಾಡಿಸಿತು. ಒಂದು ಕರೇ ನಾಯಿ ಇದ್ದಲ್ಲಿ ಎರಡಾದೆವು. ಹಿಡಿಯಲು ಹೋದರೆ ಜಾರುತ್ತದೆ, ಗದರಿದರೆ ಗುರ್ ಎನ್ನುತ್ತದೆ. ಪಾಟೀಲರ ದನಿಯಲ್ಲಿ ಗದರಿದೆ. ಮೌಲ್ವಿಗಳ ದನಿಯಲ್ಲಿ ಗದರಿದೆ. ಅದಕ್ಕೆ ಪಾಟೀಲರೂ ಒಂದೇ, ನಾನೂ ಒಂದೇ.

ಕತ್ತಲು ಕವಿಯುತ್ತಿತ್ತು. ಗೋಡೆಯ ಆಚೆ ಖಾಜಾಸಾಬರು ಕೆಮ್ಮಿದ್ದು ಕೇಳಿತು. ಆಗ ನಾಲಿಗೆ ತಾನಾಗಿ ಚ್ಚ ಚ್ಚ ಎಂದಿತು. "ನಿಲ್ಲಪಾ, ನನ್ನ ದೊರಿ."

ನಾನು ಮಾಡಬೇಕೆಂದು ಮಾಡಿದ್ದಲ್ಲ. ಹೊರಗೆ ಬಂದ ದನಿ ಕೇಳಿ ನನ್ನ ಕೂದಲೇ ನಿಮಿರಿತು. ಮೋತಿ ನಿಂತಿತು. ಕಲ್ಲಿನ ಬಸವಣ್ಣ. ಕಿವಿ ಮಾತ್ರ ನಡುಗುತ್ತಿತ್ತು. ಒಂದು ಕಾಲು ಎತ್ತಿದೆ, ಕೊಟ್ಟಿತು. ಇನ್ನೊಂದು ಎತ್ತಿದೆ, ಕೊಟ್ಟಿತು.

ಅಲ್ಲಿಂದ ಮುಂದೆ ವಿದ್ಯೆ ಒಂದು ದಾರಿಗೆ ಬಂತು. ನೀರು ಮೊದಲಲ್ಲ. ಮೊದಲು ಒಲೆಯ ಬೂದಿ ಎರಚಿ ರಾಡಿಯ ಪಸೆ ಹೀರಿಸಬೇಕು. ಆಮೇಲೆ ಜೋಳದ ದಂಟು ಸೀಳಿ ಅದರ ಬೆನ್ನಿನಿಂದ ಕೂದಲು ಬಂದ ದಿಕ್ಕಿಗೇ ಕೆರೆಯಬೇಕು. ಬೆರಳ ಸಂದಿಯಲ್ಲಿ ಮಣ್ಣಿನ ಗೋಲಿ ಕಟ್ಟಿರುತ್ತದೆ, ಜಗ್ಗಿದರೆ ಕೂದಲು ಕಿತ್ತು ರಕ್ತ ಬರುತ್ತದೆ, ಅದನ್ನು ಬೆಚ್ಚಗಿನ ಅಂಗೈಯಲ್ಲಿ ಹಿಡಿದು ಕರಗಿಸಬೇಕು. ಇಷ್ಟಾದ ಮೇಲೆ ಅಂಟುವಾಳದ ನೀರು, ಕೊನೆಗೆ ಗೋಣಿತಟ್ಟು. ಇದೆಲ್ಲ ಮುಗಿಯುವವರೆಗೆ ಬಾಯಿ ನಿಲ್ಲಿಸುವ ಹಾಗಿಲ್ಲ. ದನಿ ನಿಂತರೆ ನಾಯಿ ಹೊರಟಿತು. ಆದ್ದರಿಂದ ನಾನು ಅಣ್ಣನಾಗಿ ಮಾತಾಡುತ್ತಲೇ ಇರುತ್ತಿದ್ದೆ. "ಇವತ್ತ ಎಲ್ಲಿಗಿ ಹೋಗಿದ್ದೆಪಾ ದೊರಿ, ಮಾವನ ಮನಿಗೇನು? ಮಾವ ಇಷ್ಟ ರಾಡಿ ಉಡುಗೊರಿ ಕೊಟ್ಟನೇನು? ಆ ಬಸ್ಯಾ ಬರೋಬರಿ ತೊಳ್ಯಾಕತ್ತಾನಿಲ್ಲೋ? ಅವಗ ಏನೂ ಬರಂಗಿಲ್ಲ ಬಿಡು, ಬರೇ ಬಾಯಿ ಅದ." ಅಣ್ಣನ ಬಾಯಿಂದ ನನ್ನನ್ನು ನಾನೇ ಬೈಸಿಕೊಳ್ಳುವುದು ಒಂದು ಸುಖವಾಗಿತ್ತು. ಇನ್ನು ಯಾರು ಹಾಗೆ ಬೈಯಬೇಕು?

ಬಿಳಿ ನಾಯಿಯನ್ನು ಮುಂದೆ ಬಿಟ್ಟುಕೊಂಡು ಅಗಸಿ ದಾಟುವಾಗ ಖಾಜಾಸಾಬರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಬಿಳೇದು," ಎನ್ನುತ್ತಿದ್ದರು. ಅಷ್ಟೇ. ಆ ಒಂದು ಮಾತಿಗಾಗಿ ನನ್ನ ಇಡೀ ದಿನ ಕಾಯುತ್ತಿತ್ತು.

ಮಗಿ ಮಳೆಯಲ್ಲಿ ಒಂದು ಸಂಜೆ ಎಂಥ ಸುರಿತವೆಂದರೆ ಗೋಡೆಯ ಹಿಂದೆ ನಿಲ್ಲಲಾಗಲಿಲ್ಲ. ಕಟ್ಟೆಯ ಮೇಲೂ ಯಾರಿರಲಿಲ್ಲ. ನಾಯಿಗೆ ಕಂಬಳಿ ಹೊದಿಸಿ ಹೇಗೋ ಮನೆಗೆ ಎಳೆತಂದೆ. ಅಂಗಳದ ಚಪ್ಪರದ ಕೆಳಗೆ ಬೂದಿ ಎರಚಿ ಕೂತೆ. ಒಳಗೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ನಮ್ಮ ಕಡೆ ಮನೆಯಲ್ಲಿ ಜೀವ ಇದೆ ಎಂಬುದಕ್ಕೆ ಅದೇ ಸಪ್ಪಳ, ಪಟ ಪಟ ಪಟ. ಮೋತಿ ಎದ್ದು ಹೊರಟಿತು. ಯೋಚಿಸದೆ ಬಾಯಿಬಿಟ್ಟೆ: "ನಿಲ್ಲಪಾ, ನನ್ನ ದೊರಿ."

ಸಪ್ಪಳ ನಿಂತಿತು.

ಅವ್ವ ಬಾಗಿಲಿಗೆ ಬಂದಳು. ಕೈಗೆ ಹಿಟ್ಟು. ಮುಖ... ಮಗ ಹೊಲದಿಂದ ಬಂದಾಗ ಇರುತ್ತಿದ್ದ ಮುಖ. ಚಪ್ಪರದ ಕೆಳಗೆ ನನ್ನನ್ನು ಕಂಡಳು. ಆ ಮುಖ ಇಳಿದ ಬಗೆಯನ್ನು ನಾನು ಎಷ್ಟೋ ಸಲ ಕನ್ನಡಿಯ ಮುಂದೆ ಮಾಡಲು ನೋಡಿದ್ದೇನೆ. ಬಂದಿಲ್ಲ. ಬರುವುದೂ ಬೇಡ.

"ಅವ್ವಾ, ಅದು ನಿಲ್ಲಂಗಿಲ್ಲ. ಈ ದನಿ ಇಲ್ಲಂದ್ರ..."

"ಸತ್ತಾಂವಗೂ ಬಿಡಲಿಲ್ಲೇನಲೇ?" ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಆ ದನಿ ಈ ಹೊಚ್ಚಲದೊಳಗ ತರಬ್ಯಾಡ. ನನ್ನ ಕೈಲಿ ಆಗಂಗಿಲ್ಲ."

ಅವತ್ತು ರೊಟ್ಟಿ ಹಂಚಿನ ಮೇಲೆ ಹತ್ತಿ ಕರಕಾಯಿತು. ಇಬ್ಬರೂ ಅದನ್ನೇ ತಿಂದೆವು. ಮೋತಿಗೂ ಅದನ್ನೇ ಹಾಕಿದಳು, ಮುರಿಯದೆ.

ಮರುದಿನದಿಂದ ಮಳೆ ಇರಲಿ, ಬಿಡಲಿ, ಮುರುಕು ಗೋಡೆಯ ಹಿಂದೆಯೇ ನಾನು ಮತ್ತು ನಾಯಿ. ದನಿ ತಗ್ಗಿಸಿ ಪಿಸುಗುಟ್ಟಿದರೆ ಮೋತಿ ನಂಬುತ್ತಿರಲಿಲ್ಲ, ಅಣ್ಣ ಎಂದೂ ಪಿಸುಗುಟ್ಟಿದವನಲ್ಲ. ಪೂರ್ತಿ ದನಿಯನ್ನೇ ಆಡಬೇಕು, ಅಗಸಿಯ ಒಳಗೆ ಕೇಳಿಸಬಾರದು. ಒಂದು ದಿನ ತಿಪ್ಪವ್ವ ಕೊಡ ಬಿಟ್ಟು ಓಡಿಹೋಗಿ, "ಬಾವಿ ಕಡೆ ಶಿವಣ್ಣ ಮಾತಾಡಾಕತ್ತಾನ!" ಎಂದು ಓಣಿಯೆಲ್ಲ ಸಾರಿದಳಂತೆ. ಸಂಜೆಯ ನೀರಿಗೆ ಹೆಂಗಸರು ಬರುವುದೇ ನಿಂತಿತು. ಅವ್ವ ಒಬ್ಬಳು ಬರುತ್ತಿದ್ದಳು. ಮನೆಯಲ್ಲಿ ನೀರಿನ ಹರವಿ ತುಂಬಿರುತ್ತಿತ್ತು, ಆದರೂ ಸಂಜೆಗೆ ಸರಿಯಾಗಿ ಕೊಡ ಹಿಡಿದು ಹೊರಡುತ್ತಿದ್ದಳು. ಅವಳು ಬಂದಳೆಂದರೆ ನಾನು ಗೋಡೆಯ ಹಿಂದೆ ಉಸಿರು ಬಿಗಿಹಿಡಿದು ಬಾಯಿ ಮುಚ್ಚುತ್ತಿದ್ದೆ. ಅವಳೂ ಹಗ್ಗ ಬಿಡದೆ, ಕೊಡ ಇಳಿಸದೆ, ಬಾವಿಯ ಕಟ್ಟೆಗೆ ಒರಗಿ ಬಹಳ ಹೊತ್ತು ನಿಲ್ಲುತ್ತಿದ್ದಳು. ದಣಿದಿದ್ದಾಳೆ ಎಂದುಕೊಂಡೆ. ಊರನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಅಣಕುಗಾರ ನಾನು, ನನಗೆ ತಿಳಿದದ್ದು ಅಷ್ಟು. ಕೊನೆಗೆ ಮೋತಿ ಚಡಪಡಿಸಿ, ನಾನು ಬೇರೆ ದಾರಿಯಿಲ್ಲದೆ ಒಂದು ಸಲ "ದೊರಿ" ಎಂದರೆ, ಆಗ ಹಗ್ಗ ಬಾವಿಗೆ ಇಳಿಯುವ ಸಪ್ಪಳ ಕೇಳುತ್ತಿತ್ತು.

ಅದರ ಹಿಂದೆ ಬಂದ ಹುಬ್ಬಿ ಮಳೆಯ ಹೊತ್ತಿಗೆ ನನ್ನ ಮೈ ಸೋತಿತು. ದಿನಾ ತೊಯ್ದು ತೊಯ್ದು ನೆಗಡಿ, ನೆಗಡಿಯಿಂದ ಜ್ವರ, ಜ್ವರದಿಂದ ಗಂಟಲು ಕಟ್ಟಿತು. ಎಲ್ಲರ ದನಿಯೂ ಒಟ್ಟಿಗೆ ಹೋಯಿತು. ಪಾಟೀಲರೂ ಹೋದರು, ಮೌಲ್ವಿಗಳೂ ಹೋದರು, ಅಣ್ಣನೂ ಹೋದ. ಉಳಿದದ್ದು ಒಂದು ಕಪ್ಪೆ. ಅವತ್ತು ನಾನು ಕಂಬಳಿ ಹೊದ್ದು ಬಿದ್ದಿದ್ದಾಗ ಮೋತಿ ಹಗ್ಗ ಕಡಿದು ಒಂಟಿಯಾಗಿ ಹೊಲಕ್ಕೆ ಹೋಗಿಬಿಟ್ಟಿತು.

ಕಣ್ಣು ಬಿಟ್ಟಾಗ ಇಳಿಹೊತ್ತು. ಅಂಗಳದಲ್ಲಿ ಹಗ್ಗದ ತುಂಡು. ಎದ್ದು ಓಡಿದೆ. ಓಡಿದೆ ಎನ್ನುವುದು ಬಡಾಯಿ. ಎರೆಹೊಲದಲ್ಲಿ ಜ್ವರದ ಕಾಲು ಓಡುವುದಿಲ್ಲ, ಪ್ರತಿ ಹೆಜ್ಜೆಯನ್ನೂ ಭೂಮಿಯಿಂದ ಬೇಡಿ ಪಡೆಯಬೇಕು. ಬನ್ನಿಗಿಡದ ಹತ್ತಿರ ಹೋಗುವಷ್ಟರಲ್ಲಿ ಗೋರಿಯ ಮೇಲೆ ನಾಯಿ ಮಲಗಿದ ಗುರುತು ಮಾತ್ರ ಇತ್ತು, ಅದರಲ್ಲಿ ನೀರು ನಿಲ್ಲುತ್ತಿತ್ತು. ತಿರುಗಿ ನೋಡಿದರೆ ದೂರದಲ್ಲಿ, ಅಗಸಿಯ ದಾರಿಯಲ್ಲಿ, ಒಂದು ಕರಿಯ ಚುಕ್ಕೆ ಊರ ಕಡೆಗೆ ಹೋಗುತ್ತಿತ್ತು.

ಮೋತ್ಯಾ ಎಂದು ಕೂಗಿದೆ. ಬಂದದ್ದು ಗಾಳಿ.

ಎಷ್ಟು ಸಲ ಬಿದ್ದೆನೋ. ಅಗಸಿಗೆ ಬರುವಷ್ಟರಲ್ಲಿ ನಾನೂ ಅಡಿಯಿಂದ ಮುಡಿಯವರೆಗೆ ಕರ್ರಗಾಗಿದ್ದೆ. ಖಾಜಾಸಾಬರ ನೇಮದ ಪ್ರಕಾರ ನನಗೂ ಗುಂಡು ಹೊಡೆಯಬಹುದಾಗಿತ್ತು. "ಕರೇ ನಾಯಿ ಬಂತೋ! ಅದ ಬಂತೋ!" ಎಂದು ಮಂದಿ ಕೂಗುತ್ತಿದ್ದರು. ಬಾಗಿಲು ಮುಚ್ಚುವ ಸಪ್ಪಳ ಓಣಿಯುದ್ದಕ್ಕೂ ಓಡಿತು. ಖಾಜಾಸಾಬರು ಕಟ್ಟೆಯ ಮೇಲೆ ಎದ್ದು ನಿಂತಿದ್ದರು. ಬಂದೂಕು ಭುಜಕ್ಕೆ ಏರಿತ್ತು. ಓಣಿಯ ನಡುವೆ ಮೋತಿ, ಗದ್ದಲಕ್ಕೆ ಹೆದರಿ, ಬಾಲ ಕಾಲ ಸಂದಿಗೆ ಸಿಕ್ಕಿಸಿ, ಅತ್ತ ಇತ್ತ ಓಡುತ್ತಿತ್ತು. ಬಾಯಲ್ಲಿ ನೊರೆ, ಓಡಿ ಬಂದದ್ದಕ್ಕೆ. ಯಾರಿಗೆ ಹೇಳಲಿ? ನಾನು ಕೈ ಬೀಸಿ, ಬಾಯಿ ಅಗಲಿಸಿ, ಗಂಟಲು ಹರಿಯುವ ಹಾಗೆ ಕೂಗಿದೆ. ವಟ ವಟ ಎಂದಿತು. ಮಾಳಿಗೆಯ ಮೇಲಿಂದ ಯಾರೋ, "ಈ ಹೊತ್ತಿನ್ಯಾಗೂ ಬಸ್ಯಾ ಕಪ್ಪಿ ಆಟ ಹೂಡ್ಯಾನ ನೋಡ್ರೆಪಾ," ಎಂದರು.

ಅಷ್ಟರಲ್ಲಿ ಅವ್ವ ಬಂದಳು. ಬಾವಿಯಿಂದ ಬರುತ್ತಿದ್ದಳು, ಸೊಂಟದ ಮೇಲೆ ತುಂಬಿದ ಕೊಡ. ಓಣಿಯ ನಡುವೆ, ಬಂದೂಕಿಗೂ ನಾಯಿಗೂ ನಡುವೆ ನಿಂತಳು.

"ನೀಲವ್ವಾ!" ಖಾಜಾಸಾಬರು ಕೂಗಿದರು. "ಬಾಜೂಕ ಸರೀ ಬೇ! ಕಚ್ಚೀತು! ನಿನಗ ಕೈ ಮುಗೀತೇನಿ, ಸರೀ!"

"ಇದು ನಮ್ಮದ ಅದರೀ ಅಣ್ಣಾ."

"ಕರೇದು ಅದ! ನನಗ ಕರೇದ ಕಾಣಾಕತ್ತದ!"

ಅವ್ವ ನಾಯಿಯ ಕಡೆ ತಿರುಗಿದಳು. ನಾಲಿಗೆಯಿಂದ ಎರಡು ಸಲ ಸಪ್ಪಳ ಮಾಡಿದಳು, ಚ್ಚ ಚ್ಚ.

"ನಿಲ್ಲಪಾ, ನನ್ನ ದೊರಿ."

ಅದು ಅಣ್ಣ. ನಾನು ಮಾಡುತ್ತಿದ್ದದ್ದು ಅಣ್ಣನ ಹಾಗೆ ಇತ್ತು, ಇದು ಅಣ್ಣನೇ. ಆ ಕೊನೆಯ ಒಡಕು, ನಗೆಯೋ ಕೆಮ್ಮೋ ತಿಳಿಯದ್ದು, ನನಗೆ ಎಂದೂ ಪೂರ್ತಿ ಸಿಕ್ಕಿರಲಿಲ್ಲ, ಅವ್ವನ ಬಾಯಲ್ಲಿ ಅದೂ ಇತ್ತು. ನನ್ನ ವಿದ್ಯೆ ಎಲ್ಲಿಂದ ಬಂದದ್ದೆಂದು ಜ್ವರದ ತಲೆಗೂ ತಿಳಿಯಿತು. ದಿನಾ ಸಂಜೆ ತುಂಬಿದ ಮನೆಗೆ ನೀರು ತರಲು ಅವಳು ಯಾಕೆ ಬರುತ್ತಿದ್ದಳೆಂದೂ ತಿಳಿಯಿತು.

ಮೋತಿ ನಿಂತಿತು. ಓಣಿಯೂ ನಿಂತಿತು.

ಅವ್ವ ಎರಡು ಹೆಜ್ಜೆ ಮುಂದೆ ಹೋಗಿ ಕೊಡ ಬಗ್ಗಿಸಿದಳು. ಬೂದಿ ಇಲ್ಲ, ದಂಟಿಲ್ಲ, ಅಂಟುವಾಳವಿಲ್ಲ. ನನ್ನ ವಿದ್ಯೆಯ ಒಂದು ಮಾತೂ ಪಾಲಿಸದೆ ಕುಡಿಯುವ ನೀರನ್ನು ನಾಯಿಯ ಬೆನ್ನ ಮೇಲೆ ಸುರಿದಳು, ಒಂದೇ ಧಾರೆಯಾಗಿ, ಬರಿ ಅಂಗೈಯಿಂದ ಒತ್ತಿ ಒತ್ತಿ ತಿಕ್ಕುತ್ತ. ಕುತ್ತಿಗೆಯಿಂದ ಬಾಲದವರೆಗೆ ಒಂದು ಗೆರೆ ಮೂಡಿತು. ಅಂಗೈ ಅಗಲದ ಗೆರೆ. ಬಿಳಿ.

ಖಾಜಾಸಾಬರು ಬಂದೂಕು ಇಳಿಸಿದರು. "ಬಿಳೇದು," ಎಂದರು. ಕಟ್ಟೆಯ ಮೇಲೆ ಕುಸಿದು ಕೂತು, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು, "ಬಿಳೇದು, ಬಿಳೇದು," ಎನ್ನುತ್ತಲೇ ಇದ್ದರು. ಅವರು ಅಳುವುದನ್ನು ನಾನು ನೋಡಿದ್ದು ಅವತ್ತೇ.

ಮೋತಿ ಅವ್ವನ ಮುಖ ನೋಡಿತು. ಆಮೇಲೆ ಅವಳನ್ನು ದಾಟಿ ಅವಳ ಹಿಂದೆ ನೋಡಿತು. ಕಿವಿ ನಿಮಿರಿಸಿ, ಕುತ್ತಿಗೆ ಚಾಚಿ, ಬಾವಿಯ ದಾರಿಯುದ್ದಕ್ಕೂ, ಮಾತಾಡಿದವನು ಎಲ್ಲಿ ಎಂದು.

ಅವ್ವನೂ ತಿರುಗಿ ನೋಡಿದಳು.

ಖಾಜಾಸಾಬರ ಮೊಮ್ಮಗ ಮಳೆ ಬಿಟ್ಟು ದಾರಿ ಆರಿದ ಮೇಲೆ, ಮಹಾನವಮಿಯ ಹೊತ್ತಿಗೆ, ಅಪ್ಪನ ಹೆಗಲಿಂದ ಇಳಿದು ತಾನೇ ನಡೆದು ಊರಿಗೆ ಬಂದ. ಹುಚ್ಚು ಹಿಡಿದ ನಾಯಿ ಎಂಟ್ಹತ್ತು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲವೆಂದು ಸೊಲ್ಲಾಪುರದ ಡಾಕ್ಟರು ಹೇಳಿದರಂತೆ. ನಾವು ಇಡೀ ಮಳೆಗಾಲ ಹೆದರಿದ್ದು ಎಂದೋ ಸತ್ತ ನಾಯಿಗೆ. ಊರಲ್ಲಿ ನಮಗೆ ಅದನ್ನು ಹೇಳುವವರು ಯಾರಿದ್ದರು?

ಆದರೆ ಅದು ಆಮೇಲಿನ ಮಾತು. ಅವತ್ತು ಮನೆಗೆ ಬಂದು ಅವ್ವ ನನ್ನ ತಲೆ ಒರೆಸಿದಳು, ಮೋತಿಗೆ ಇಟ್ಟಿದ್ದ ಗೋಣಿತಟ್ಟಿನಿಂದಲೇ. ಶುಂಠಿ ಕಷಾಯ ಕುಡಿಸಿದಳು. ಒಲೆಯ ಕಡೆ ತಿರುಗಿ ಕೂತಮೇಲೆ, "ಗಂಟಲಾ ನೆಟ್ಟಗಾದ ಮ್ಯಾಲ ನಾಯೀನ ಇಲ್ಲೇ ಅಂಗಳದಾಗ ತೊಳಿ," ಎಂದಳು. "ಆ ಗ್ವಾಡಿ ಹಿಂದ ಥಂಡಿ ಭಾಳ."

ನಾನು ಅವಳ ಬೆನ್ನು ನೋಡಿದೆ. ಕಪ್ಪೆಯ ದನಿಯಲ್ಲಿ ಕೇಳಿದೆ, "ನಿಲ್ಲಬೇಕಲ್ಲವ್ವಾ ಅದು?"

"ನಿಂದರಸು."

ಮೂರ್ನಾಲ್ಕು ದಿನಕ್ಕೆ ಗಂಟಲು ಬಿಟ್ಟಿತು. ಚಪ್ಪರದ ಕೆಳಗೆ ಬೂದಿ, ದಂಟು, ಅಂಟುವಾಳ ಎಲ್ಲ ಸಾಲಾಗಿ ಇಟ್ಟುಕೊಂಡು ಕೂತೆ. ಮೋತಿ ಎದ್ದು ಹೊರಟಿತು. ಒಳಗೆ ರೊಟ್ಟಿಯ ಸಪ್ಪಳ ನಡೆದಿತ್ತು. ನಾನು ಅಣ್ಣನಾಗಿ ಅದನ್ನು ಕರೆದೆ.

ಸಪ್ಪಳ ನಿಂತಿತು. ನಾಯಿಯೂ ನಿಂತಿತು. ನಾನು ಕೈಯಲ್ಲಿ ದಂಟು ಹಿಡಿದು ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಒಳಗೆ ಮತ್ತೆ ಪಟ ಪಟ ಶುರುವಾಯಿತು.